ಅಪ್‌ಗ್ರೇಡ್ ಆದಮೇಲೆ ಕೈಕೊಟ್ಟ ಸ್ವಂತ ಆಪರೇಟರ್: ಉಳಿಸಿಕೊಳ್ಳುವುದೋ, ಫಂಕ್ಷನ್ ಮಾಡುವುದೋ?

ಹೊಸ ಸರ್ವರ್‌ಗೆ ಡಂಪ್ (ಹಳೆಯ ಡೇಟಾಬೇಸ್‌ನ ಪೂರ್ತಿ ನಕಲು) ತುಂಬಿಸಿ ಮುಗಿದಾಗ ಎಲ್ಲ ಟೇಬಲ್‌ಗಳಲ್ಲೂ ಸಾಲುಗಳಿದ್ದವು, ಒಂದರಲ್ಲಿ ಮಾತ್ರ ಏನೂ ಇರಲಿಲ್ಲ. ಲಾಗ್ ತೆರೆದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹೇಳಿದ್ದು ಇಷ್ಟೇ: ಅಂಥ ಆಪರೇಟರ್ ಇಲ್ಲ. ಆದರೆ ಇತ್ತು. ನಾನೇ ಬರೆದದ್ದು, ಪಬ್ಲಿಕ್ ಎಂಬ ಸ್ಕೀಮಾದಲ್ಲೇ (ಡೇಟಾಬೇಸ್‌ನೊಳಗಿನ ವಿಭಾಗದಲ್ಲೇ) ಇತ್ತು, ಕ್ವೆರಿ ಟೈಪ್ ಮಾಡಿ ಓಡಿಸಿದರೆ ಸರಿಯಾಗಿಯೇ ಉತ್ತರ ಕೊಡುತ್ತಿತ್ತು.

ಆಪರೇಟರ್ ಎಂದರೆ +, = ತರಹ ಮೌಲ್ಯಗಳ ಮೇಲೆ ಕೆಲಸ ಮಾಡುವ ಚಿಹ್ನೆ; ಬೇಕಾದ್ದನ್ನು ನಾವೇ ಕಟ್ಟಿಕೊಳ್ಳಬಹುದು. ನನ್ನದು ಮಾಡುತ್ತಿದ್ದ ಕೆಲಸ ಸಣ್ಣದು. ಪಠ್ಯವನ್ನು ಮಾದರಿಗೆ ಹೋಲಿಸುವ ಲೈಕ್ ಬಳಸುವಾಗ ಎಡಕ್ಕೆ ಪದ ಇರಬೇಕು, ಬಲಕ್ಕೆ ಮಾದರಿ ಇರಬೇಕು. ಅರೇಯಲ್ಲಿ, ಅಂದರೆ ಮೌಲ್ಯಗಳ ಪಟ್ಟಿಯಲ್ಲಿ, ‘ಯಾವುದಾದರೂ ಒಂದು’ ಎನ್ನಲು ಬಳಸುವ ಎನಿ ಯಾವಾಗಲೂ ಬಲಗಡೆಯೇ ಬರಬೇಕು. ಹಾಗಾಗಿ ‘ಈ ಅರೇಯಲ್ಲಿರುವ ಯಾವುದಾದರೂ ಟ್ಯಾಗ್ ಈ ಮಾದರಿಗೆ ಹೊಂದುತ್ತದೆಯೇ’ ಎಂದು ಒಂದೇ ಸಾಲಿನಲ್ಲಿ ಕೇಳಲು ಆಗುವುದಿಲ್ಲ. ಎಡಬಲ ಅದಲುಬದಲು ಮಾಡಿದ <~~ ಎಂಬ ಆಪರೇಟರ್ ಕಟ್ಟಿಕೊಂಡರೆ ಆಗುತ್ತದೆ. ಅದನ್ನು ಒಂದು ಫಂಕ್ಷನ್‌ನೊಳಗೆ ಬಳಸಿ, ಆ ಫಂಕ್ಷನ್ನನ್ನು ಟೇಬಲ್‌ನ ಚೆಕ್ ಕನ್‌ಸ್ಟ್ರೇಂಟ್‌ಗೆ (ಪ್ರತಿ ಸಾಲೂ ಪಾಲಿಸಬೇಕಾದ ಷರತ್ತಿಗೆ) ಹಾಕಿದ್ದೆ. 2018ರ ಮಾರ್ಚ್ 1ರಂದು ಬಂದ 10.3, 9.6.8 ಮುಂತಾದ ಬಿಡುಗಡೆಗಳಿಂದ, ಡಂಪ್ ತೆಗೆಯುವ ಪಿಜಿ_ಡಂಪ್ ಭದ್ರತೆಯ ಕಾರಣಕ್ಕೆ ಸರ್ಚ್ ಪಾತ್ ಅನ್ನು, ಅಂದರೆ ಹೆಸರುಗಳನ್ನು ಯಾವ ಸ್ಕೀಮಾಗಳಲ್ಲಿ ಹುಡುಕಬೇಕೆಂಬ ಪಟ್ಟಿಯನ್ನು, ಖಾಲಿ ಮಾಡಿಕೊಂಡೇ ಕೆಲಸ ಮಾಡುತ್ತದೆ. ಡೇಟಾ ತುಂಬುವಾಗ ಪ್ರತಿ ಸಾಲಿಗೂ ಚೆಕ್ ಓಡಿತು, ಫಂಕ್ಷನ್ <~~ ಎಲ್ಲಿದೆ ಎಂದು ಹುಡುಕಿತು, ಪಬ್ಲಿಕ್ ಅದರ ಕಣ್ಣಿಗೆ ಬೀಳಲಿಲ್ಲ. ಇಡೀ ಟೇಬಲ್ ಹೊರಗುಳಿಯಿತು.

ಆವತ್ತಿನಿಂದ ಯಾರಾದರೂ ‘ನಮ್ಮ ಆಪರೇಟರ್ ಮುರಿದಿದೆ, ಹೇಗೆ ಸರಿಮಾಡುವುದು’ ಎಂದು ಕೇಳಿದರೆ ನಾನು ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಅದು ಆಪರೇಟರ್ ಆಗಿರಲೇಬೇಕಿತ್ತೇ? ಫಂಕ್ಷನ್‌ಗೆ ಆಗದ, ಆಪರೇಟರ್‌ಗೆ ಮಾತ್ರ ಆಗುವ ಕೆಲಸಗಳು ಬೆರಳೆಣಿಕೆಯಷ್ಟು. ಆಪರೇಟರ್ ಕ್ಲಾಸ್ (ಇಂಡೆಕ್ಸ್ ಯಾವ ಆಪರೇಟರ್‌ಗಳಿಗೆ ಕೆಲಸ ಮಾಡಬೇಕೆಂಬ ಪಟ್ಟಿ) ಮೂಲಕ ಇಂಡೆಕ್ಸ್‌ನಲ್ಲಿ, ಅಂದರೆ ಸಾಲುಗಳನ್ನು ಬೇಗ ಹುಡುಕಲು ಕಟ್ಟಿದ ಸೂಚಿಯಲ್ಲಿ, ಹುಡುಕುವುದು ಒಂದು. ಎಕ್ಸ್‌ಕ್ಲೂಶನ್ ಕನ್‌ಸ್ಟ್ರೇಂಟ್ ಇನ್ನೊಂದು; ಒಂದೇ ಕೋಣೆಗೆ ಒಂದೇ ಹೊತ್ತಿನಲ್ಲಿ ಎರಡು ಬುಕಿಂಗ್ ಬೀಳದಂತೆ && ಇಟ್ಟು ತಡೆಯುತ್ತೇವಲ್ಲ, ಅದು. ಎನಿ, ಆಲ್ ಜೊತೆ ಅರೇ ಮೇಲೆ ಹೋಲಿಸುವುದು ಮೂರನೆಯದು. ಇವು ಮೂರೂ ಇಲ್ಲದ ಕಡೆ ಸ್ವಂತ ಆಪರೇಟರ್ ಬರೆದಿದ್ದರೆ ಅದು ಹೆಚ್ಚಾಗಿ ಕಣ್ಣಿಗೆ ಚೆಂದ ಕಾಣಲೆಂದು ಬರೆದದ್ದು. ಆ ಚೆಂದಕ್ಕೆ ಪ್ರತಿ ಅಪ್‌ಗ್ರೇಡ್‌ನಲ್ಲೂ ಬೆಲೆ ತೆರಬೇಕಾಗುತ್ತದೆ. ಮುಂದೆ ಹೋಲಿಸಿರುವ ದಾರಿಗಳನ್ನೆಲ್ಲ ಈ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಯಾವ ಬಗೆಯ ಮುರಿತ?

ಒಂದೊಂದು ಮುರಿತಕ್ಕೂ ಮದ್ದು ಬೇರೆ. ಗದ್ದಲ ಮಾಡಿ ಮುರಿಯುವುದು ಒಳ್ಳೆಯದು. ಸದ್ದಿಲ್ಲದೆ ಮುರಿಯುವುದೇ ಭಯ ಹುಟ್ಟಿಸುತ್ತದೆ.

ಗದ್ದಲದವುಗಳಲ್ಲಿ ಮೊದಲನೆಯದು 14ನೇ ಆವೃತ್ತಿಯದು. 2021ರ ಸೆಪ್ಟೆಂಬರ್ 30ರಂದು ಬಂದ ಆ ಆವೃತ್ತಿ ಪೋಸ್ಟ್‌ಫಿಕ್ಸ್ ಆಪರೇಟರ್‌ಗಳನ್ನು, ಅಂದರೆ ಮೌಲ್ಯದ ಬಲಕ್ಕೆ ಒಂಟಿಯಾಗಿ ಕೂರುವ ಚಿಹ್ನೆಗಳನ್ನು, ಪೂರ್ತಿ ಕೈಬಿಟ್ಟಿತು. ಫ್ಯಾಕ್ಟೋರಿಯಲ್‌ಗೆ ಇದ್ದ ! ಕೂಡ ಹೋಯಿತು, ಎಡಗಡೆ ಬರುತ್ತಿದ್ದ ಅದರ ಜೋಡಿ !! ಕೂಡ ಹೋಯಿತು, ಫ್ಯಾಕ್ಟೋರಿಯಲ್ ಫಂಕ್ಷನ್ ಮಾತ್ರ ಉಳಿಯಿತು. ಈ ತ್ಯಾಗದಿಂದ ಸಿಕ್ಕ ಲಾಭವೂ ಇದೆ: ಕಾಲಂಗೆ ಅಡ್ಡಹೆಸರು ಕೊಡುವಾಗ ‘ಆ್ಯಸ್’ ಬರೆಯದೆಯೇ ಹೆಚ್ಚಿನ ಕೀವರ್ಡ್‌ಗಳನ್ನು ಬಳಸಬಹುದಾಯಿತು. ಅದೇ ಆವೃತ್ತಿಯಲ್ಲಿ ಜ್ಯಾಮಿತಿಯ ಹಳೆಯ @ ಮತ್ತು ~ ತೆಗೆದುಹಾಕಿದರು. ಅವುಗಳ ಜಾಗಕ್ಕೆ <@ ಮತ್ತು @> ಎಂದೋ ಬಂದಿದ್ದವು. ಕ್ಯೂಬ್, ಎಚ್‌ಸ್ಟೋರ್, ಇಂಟ್‌ಅರೇ, ಸೆಗ್ ಎಂಬ ಎಕ್ಸ್‌ಟೆನ್ಶನ್‌ಗಳಲ್ಲೂ (ಪೋಸ್ಟ್‌ಗ್ರೆಸ್‌ಗೆ ಸೇರಿಸಿಕೊಳ್ಳುವ ಪ್ಯಾಕೇಜ್‌ಗಳಲ್ಲೂ) ಇದೇ ಆಯಿತು.

14ರ ಇನ್ನೊಂದು ಬದಲಾವಣೆ ಹೆಚ್ಚು ಜನರನ್ನು ಕಾಡಿತು. ಅರೇ_ಅಪೆಂಡ್, ಅರೇ_ಪ್ರಿಪೆಂಡ್, ಅರೇ_ಕ್ಯಾಟ್ ಮುಂತಾದ ಫಂಕ್ಷನ್‌ಗಳು ಮೊದಲು ‘ಎನಿಅರೇ’ ಎಂಬ ಬಗೆಯನ್ನು (ಡೇಟಾ ಟೈಪ್ ಅನ್ನು) ತೆಗೆದುಕೊಳ್ಳುತ್ತಿದ್ದವು, ಈಗ ‘ಎನಿಕಂಪ್ಯಾಟಿಬಲ್‌ಅರೇ’ ತೆಗೆದುಕೊಳ್ಳುತ್ತವೆ. ಹಳೆಯ ಬಗೆಗಳನ್ನು ಹೆಸರಿಸಿ ಕಟ್ಟಿದ ಆಪರೇಟರ್, ಅಗ್ರಿಗೇಟ್ (ಹಲವು ಸಾಲುಗಳಿಂದ ಒಂದೇ ಉತ್ತರ ಕೊಡುವ ಫಂಕ್ಷನ್) ಯಾವುದೇ ಇರಲಿ, ಹೊಸದರಲ್ಲಿ ಕಟ್ಟಿಕೊಳ್ಳುವುದೇ ಇಲ್ಲ. ಅಪ್‌ಗ್ರೇಡ್‌ಗೆ ಮುಂಚೆ ತೆಗೆದು, ಆಮೇಲೆ ಹೊಸ ಬಗೆಗಳೊಂದಿಗೆ ಮತ್ತೆ ಕಟ್ಟಬೇಕು.

ಇನ್ನು ಸದ್ದಿಲ್ಲದವು. 9.5ರಲ್ಲಿ <=, >=, <> ಚಿಹ್ನೆಗಳ ಆದ್ಯತೆಯನ್ನು ಇಳಿಸಿ <, >, = ಸಾಲಿಗೆ ತಂದರು. ಅದಕ್ಕೂ ಮುಂಚೆ ಅವು ಸ್ವಂತ ಆಪರೇಟರ್‌ಗಳ ಸಮಕ್ಕೇ ಇದ್ದವು. ಹಾಗಾಗಿ ನಿಮ್ಮದೊಂದು @@@ ಇದ್ದು, ‘ಅ <= ಆ @@@ ಇ’ ಎಂದು ಆವರಣವಿಲ್ಲದೆ ಬರೆದಿದ್ದರೆ, ಹಿಂದೆ ಅದು ಮೊದಲು ಅ ಮತ್ತು ಆ ಹೋಲಿಸಿ ಆಮೇಲೆ @@@ ಮಾಡುತ್ತಿತ್ತು; ಈಗ ಆ ಮತ್ತು ಇ ನಡುವೆ @@@ ಮೊದಲಾಗುತ್ತದೆ. ಬಗೆಗಳು ಹೊಂದದಿದ್ದರೆ ಎರರ್ ಬರುತ್ತದೆ, ಅಷ್ಟರಮಟ್ಟಿಗೆ ಪಾರು. ಹೊಂದಿಬಿಟ್ಟರೆ ಬೇರೆಯೇ ಉತ್ತರ ಬರುತ್ತದೆ. ಇಂಥ ಕಡೆ ಎಚ್ಚರಿಕೆ ಕೊಡಲು ಒಂದು ಸೆಟ್ಟಿಂಗ್ ಇತ್ತು, 14ರಲ್ಲಿ ಅದನ್ನೂ ತೆಗೆದರು. ಈಗ ಉಳಿದ ಆಸರೆ ಆವರಣ ಚಿಹ್ನೆಗಳು ಮಾತ್ರ.

ಇನ್ನೂ ಮೆಲ್ಲಗೆ ಬರುವ ಅಪಾಯ ಒಂದಿದೆ: ನೀವು ಇಟ್ಟ ಹೆಸರನ್ನೇ ಡೇಟಾಬೇಸ್ ತಾನೇ ಬಳಸತೊಡಗುವುದು. 9.4ರಲ್ಲಿ ಜೇಸನ್‌ಬಿ ಎಂಬ ಬಗೆಯಿಂದ (ಕೀ-ಮೌಲ್ಯ ಜೋಡಿಗಳ ಜೇಸನ್ ಡೇಟಾ) ಒಂದು ಕೀ ತೆಗೆಯಲು ಆಪರೇಟರ್ ಇರಲಿಲ್ಲ, ಅನೇಕರು ಸ್ವಂತಕ್ಕೆ ‘-’ ಕಟ್ಟಿಕೊಂಡರು. 9.5ರಲ್ಲಿ ಅದೇ ಚಿಹ್ನೆ, ಅದೇ ಬಗೆಗಳೊಂದಿಗೆ ಡೇಟಾಬೇಸ್‌ನ ಒಳಗಿನದೇ (ಬಿಲ್ಟ್‌ಇನ್) ಬಂತು. ಒಳಗಿನವುಗಳಿರುವ ಪಿಜಿ_ಕ್ಯಾಟಲಾಗ್ ಸ್ಕೀಮಾವನ್ನು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಹುಡುಕುವುದರಿಂದ, ಸ್ಕೀಮಾ ಹೆಸರಿಸದೆ ಬರೆದ ಕ್ವೆರಿಗಳೆಲ್ಲ ಆ ಕ್ಷಣದಿಂದ ಒಳಗಿನದನ್ನೇ ಬಳಸತೊಡಗಿದವು. ನಿಮ್ಮದು ಒಳಪದರಗಳ ಕೀಯನ್ನೂ ತೆಗೆಯುತ್ತಿದ್ದರೆ, ಒಳಗಿನದು ಮೇಲಿನ ಪದರದ ಕೀ ಮಾತ್ರ ತೆಗೆಯುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ.

=> ಕಥೆ ಇದಕ್ಕೆ ತದ್ವಿರುದ್ಧ; ಅಲ್ಲಿ ವರ್ಷಗಟ್ಟಲೆ ಮುನ್ಸೂಚನೆ ಕೊಟ್ಟರು. 9.0ರಿಂದಲೇ ಆ ಹೆಸರಿನ ಆಪರೇಟರ್ ಕಟ್ಟಿದರೆ ಎಚ್ಚರಿಕೆ ಬರುತ್ತಿತ್ತು. 9.2ರಲ್ಲಿ ಎಚ್‌ಸ್ಟೋರ್ ತನ್ನ => ಬಿಟ್ಟುಕೊಟ್ಟಿತು. 9.5ರಲ್ಲಿ ಅದು ಫಂಕ್ಷನ್‌ಗೆ ಹೆಸರಿಟ್ಟು ಮೌಲ್ಯ ಕೊಡುವ ಚಿಹ್ನೆಯಾಯಿತು, ಆಪರೇಟರ್ ಹೆಸರಾಗುವ ಹಕ್ಕು ಕಳೆದುಕೊಂಡಿತು.

ಒಂದು ಮಾತು, ಇಲ್ಲೇ ಹೇಳಿಬಿಡುತ್ತೇನೆ. ಕ್ವೆರಿ ನಿಧಾನವಾಯಿತು ಎಂಬುದೊಂದೇ ದೂರಾದರೆ ಆಪರೇಟರ್ ಮೇಲೆ ತಪ್ಪು ಹೊರಿಸುವ ಮುಂಚೆ ಟೇಬಲ್‌ಗಳ ಅಂಕಿಅಂಶ ಕಲೆಹಾಕುವ ಅನಲೈಜ್ ಓಡಿಸಿ. 18ಕ್ಕಿಂತ ಹಿಂದಿನ ಆವೃತ್ತಿಗಳಿಗೆ ಪಿಜಿ_ಅಪ್‌ಗ್ರೇಡ್ (ಡೇಟಾ ಫೈಲ್‌ಗಳನ್ನೇ ಹೊಸ ಆವೃತ್ತಿಗೆ ಒಯ್ಯುವ ಸಾಧನ) ಮೂಲಕ ಹೋದಾಗ ಪ್ಲಾನರ್‌ನ, ಅಂದರೆ ಕ್ವೆರಿ ಓಡಿಸುವ ದಾರಿ ಆರಿಸುವ ಭಾಗದ, ಅಂಕಿಅಂಶಗಳು ಜೊತೆಗೆ ಬರುವುದಿಲ್ಲ. 18ರಲ್ಲಿ ಬಹುಪಾಲು ಬರುತ್ತವೆ. ಅಂಕಿಅಂಶವಿಲ್ಲದ ಟೇಬಲ್ ಮೇಲೆ ಯಾವ ಆಪರೇಟರ್ ಆದರೂ ಕೆಟ್ಟದಾಗಿಯೇ ಕಾಣುತ್ತದೆ.

ಆಪರೇಟರಾಗಿಯೇ ಉಳಿಸಿಕೊಳ್ಳುವುದು

ಮೇಲೆ ಹೇಳಿದ ಮೂರು ಕೆಲಸಗಳಲ್ಲಿ ಒಂದನ್ನಾದರೂ ಅದು ಮಾಡುತ್ತಿದ್ದರೆ ಇದೇ ದಾರಿ. ಎಕ್ಸ್‌ಕ್ಲೂಶನ್ ಕನ್‌ಸ್ಟ್ರೇಂಟ್‌ನಲ್ಲಿರುವ ಆಪರೇಟರ್ ಜಾಗಕ್ಕೆ ಫಂಕ್ಷನ್ ಕೂರಿಸಲು ಆಗುವುದಿಲ್ಲ, ಅಲ್ಲಿ ಚರ್ಚೆಗೇ ಜಾಗವಿಲ್ಲ.

ಮತ್ತೆ ಕಟ್ಟುವಾಗ ಜನ ಎಡವುವುದು ಚಿಹ್ನೆಯಲ್ಲಲ್ಲ, ಅದರ ಜೊತೆಗಿನ ವಿವರಗಳಲ್ಲಿ. ಕಮ್ಯುಟೇಟರ್, ನೆಗೇಟರ್, ಹ್ಯಾಶಸ್, ಮರ್ಜಸ್, ರೆಸ್ಟ್ರಿಕ್ಟ್, ಜಾಯಿನ್ ಎಂಬ, ಪ್ಲಾನರ್‌ಗೆ ಸುಳಿವು ಕೊಡುವ ಗುಣಗಳನ್ನು ಹಳೆಯ ಸ್ಕ್ರಿಪ್ಟ್‌ನಿಂದ ತರಲು ಮರೆಯುತ್ತಾರೆ. ಆಪರೇಟರ್ ಕೆಲಸ ಮಾಡುತ್ತದೆ, ಉತ್ತರವೂ ಸರಿ. ಆದರೆ ರೆಸ್ಟ್ರಿಕ್ಟ್ ಇಲ್ಲದಿದ್ದರೆ ಪ್ಲಾನರ್ 0.5 ಎಂಬ ಅಂದಾಜು ಹಿಡಿಯುತ್ತದೆ, ಅಂದರೆ ಟೇಬಲ್‌ನ ಅರ್ಧದಷ್ಟು ಸಾಲು ಈ ಷರತ್ತಿಗೆ ಸಿಗುತ್ತವೆ ಎಂದುಕೊಳ್ಳುತ್ತದೆ. ಹಾಗೆಂದುಕೊಂಡ ಪ್ಲಾನರ್ ಇಂಡೆಕ್ಸ್ ಕಡೆ ತಿರುಗಿಯೂ ನೋಡದಿರಬಹುದು. ಹ್ಯಾಶಸ್ ಬಿಟ್ಟುಹೋದರೆ ಆ ಆಪರೇಟರ್ ಮೇಲೆ ಹ್ಯಾಶ್ ಜಾಯಿನ್ (ಎರಡು ಟೇಬಲ್ ಜೋಡಿಸುವ ಒಂದು ವಿಧಾನ) ಇಲ್ಲ. 17ನೇ ಆವೃತ್ತಿಯಿಂದ ಕಮ್ಯುಟೇಟರ್, ನೆಗೇಟರ್, ಹ್ಯಾಶಸ್, ಮರ್ಜಸ್ ಗುಣಗಳನ್ನು ಆಲ್ಟರ್ ಆಪರೇಟರ್ ಮೂಲಕವೇ ಆಮೇಲೆ ಸೇರಿಸಬಹುದು. ಹಿಂದಿನವುಗಳಲ್ಲಿ ತೆಗೆದು ಹೊಸದಾಗಿ ಕಟ್ಟಬೇಕಾಗುತ್ತಿತ್ತು, ಅದನ್ನು ನೆಚ್ಚಿಕೊಂಡ ವ್ಯೂಗಳನ್ನೂ (ಹೆಸರಿಟ್ಟು ಉಳಿಸಿದ ಕ್ವೆರಿಗಳನ್ನೂ) ಸೇರಿಸಿ.

ಪೋಸ್ಟ್‌ಫಿಕ್ಸ್ ಆಗಿದ್ದರೆ ಅದನ್ನು ಪ್ರಿಫಿಕ್ಸ್ ಮಾಡಬಹುದು, ಚಿಹ್ನೆ ಎಡಕ್ಕೆ ಬರುತ್ತದೆ ಅಷ್ಟೆ. ಆದರೆ ಹೇಗೂ ಪ್ರತಿ ಕ್ವೆರಿಯನ್ನೂ ಮುಟ್ಟಬೇಕು. ಮುಟ್ಟಲೇಬೇಕೆಂದ ಮೇಲೆ ಫಂಕ್ಷನ್ ಮಾಡಿಬಿಡಿ ಎಂಬುದು ನನ್ನ ಸಲಹೆ. ಒಂಟಿ ಮೌಲ್ಯದ ಆಪರೇಟರ್‌ನಿಂದ ಇಂಡೆಕ್ಸ್ ಹುಡುಕಾಟ ನಡೆಯುವುದಿಲ್ಲ, ಉಳಿಸಿಕೊಳ್ಳಲು ಕಾರಣವೇ ಇಲ್ಲ.

ಸಿ ಭಾಷೆಯಲ್ಲಿ ಬರೆದ ಫಂಕ್ಷನ್ ಆಪರೇಟರ್‌ನ ಹಿಂದಿದ್ದರೆ ಪ್ರತಿ ಮುಖ್ಯ ಆವೃತ್ತಿಗೂ ಮತ್ತೆ ಕಂಪೈಲ್ ಮಾಡಲೇಬೇಕು. ಲೈಬ್ರರಿಯೊಳಗಿನ ಆವೃತ್ತಿ ಗುರುತು ಹೊಂದದಿದ್ದರೆ ಸರ್ವರ್ ಅದನ್ನು ಲೋಡ್ ಮಾಡುವುದಿಲ್ಲ. ತುಂಬ ಹಳೆಯ ಕೋಡ್ ಆದರೆ ಇನ್ನೊಂದು ತೊಡಕು: ವರ್ಶನ್ 0 ಎಂಬ ಹಳೆಯ ಕರೆಯುವ ಕ್ರಮವನ್ನು 10ನೇ ಆವೃತ್ತಿಯಲ್ಲಿ ತೆಗೆದರು, ಹಾಗಾಗಿ ಬರೀ ಕಂಪೈಲ್ ಸಾಲದು, ಕೋಡ್ ತಿದ್ದಬೇಕು. ಮ್ಯಾನೇಜ್ಡ್ ಸೇವೆಯಲ್ಲಿ ಸರ್ವರ್‌ನ ಡಿಸ್ಕ್‌ಗೆ ನಿಮ್ಮ ಫೈಲ್ ಹಾಕಲು ಬಿಡದಿದ್ದರೆ ಈ ದಾರಿ ಮುಚ್ಚಿದಂತೆಯೇ.

ಫಂಕ್ಷನ್‌ಗೆ ಇಳಿಸುವುದು

ಎದುರಿಗೆ ಇರುವ ದೊಡ್ಡ ಭಯ ಇಂಡೆಕ್ಸ್‌ನದು. ‘ಫಂಕ್ಷನ್ ಮಾಡಿದರೆ ಇಂಡೆಕ್ಸ್ ಬಳಸುವುದಿಲ್ಲ’ ಎಂಬ ಮಾತು ಅರ್ಧ ನಿಜ. ಸಿ ಅಥವಾ ಪಿಎಲ್‌ಪಿಜಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನದೇ ಪ್ರೊಸೀಜರ್ ಭಾಷೆ) ಫಂಕ್ಷನ್ ಆದರೆ ಪ್ಲಾನರ್‌ಗೆ ಅದರ ಒಳಗೇನಿದೆ ಗೊತ್ತಿಲ್ಲ, ಸಾಮಾನ್ಯವಾಗಿ ನಿಜ. ಜೇಸನ್‌ಬಿಯಲ್ಲಿ ಒಂದು ಕೀ ಇದೆಯೇ ಎಂದು ನೋಡುವ ? ಆಪರೇಟರ್ ಜಾಗಕ್ಕೆ ಅದರ ಹಿಂದಿನ ಜೇಸನ್‌ಬಿ_ಎಕ್ಸಿಸ್ಟ್ಸ್ ಫಂಕ್ಷನ್ ನೇರವಾಗಿ ಹಾಕಿ, ಜಿನ್ ಎಂಬ ಬಗೆಯ ಇಂಡೆಕ್ಸ್ ಸುಮ್ಮನೆ ಕೂತದ್ದನ್ನು ನೋಡಿ ಕಂಗಾಲಾದವರಿದ್ದಾರೆ. ಜಾವಾ ಡ್ರೈವರ್ ಆ ಪ್ರಶ್ನಾರ್ಥಕ ಚಿಹ್ನೆಯನ್ನು ತನ್ನ ಖಾಲಿ ಜಾಗವೆಂದು ತಿಳಿಯುತ್ತದೆಂಬ ಕಾರಣಕ್ಕೆ ಜನ ಹೀಗೆ ಮಾಡುತ್ತಾರೆ, ಅಲ್ಲಿ ?? ಎಂದು ಎರಡು ಸಲ ಬರೆದರೆ ಸಾಕು.

ಆದರೆ ಎಸ್‌ಕ್ಯೂಎಲ್ ಭಾಷೆಯಲ್ಲೇ ಬರೆದ ಒಂದೇ ಸಾಲಿನ ಫಂಕ್ಷನ್ ಬೇರೆ ಜಾತಿ. ಪ್ಲಾನರ್ ಅದರ ಹೊಟ್ಟೆಯೊಳಗಿನ ಸಾಲನ್ನು ಕ್ವೆರಿಗೇ ಬಿಚ್ಚಿಹಾಕುತ್ತದೆ, ಇದನ್ನೇ ಇನ್‌ಲೈನ್ ಎನ್ನುವುದು. ಬಿಚ್ಚಿದ ಮೇಲೆ ಒಳಗಿನ ಆಪರೇಟರ್ ಕಾಣುತ್ತದೆ, ಇಂಡೆಕ್ಸ್ ಸಿಗುತ್ತದೆ. ಇದಕ್ಕೆ ಕೆಲವು ಷರತ್ತುಗಳು. ಸೆಕ್ಯೂರಿಟಿ ಡಿಫೈನರ್ (ಮಾಲೀಕರ ಹಕ್ಕಿನಲ್ಲಿ ಓಡಿಸು ಎಂಬ ಸೂಚನೆ) ಇರಬಾರದು. ಫಂಕ್ಷನ್ ಮೇಲೆ ಸೆಟ್ಟಿಂಗ್ ಬದಲಿಸುವ ಸೆಟ್ ಸಾಲು ಇರಬಾರದು. ಇಮ್ಯೂಟಬಲ್ (ಅದೇ ಮೌಲ್ಯಕ್ಕೆ ಯಾವಾಗಲೂ ಅದೇ ಉತ್ತರ) ಎಂದು ಘೋಷಿಸಿದರೆ ಒಳಗಿರುವುದೂ ಇಮ್ಯೂಟಬಲ್ ಆಗಿರಬೇಕು. ಸ್ಟ್ರಿಕ್ಟ್ (ನಲ್, ಅಂದರೆ ಇಲ್ಲದ ಮೌಲ್ಯ, ಬಂದರೆ ಉತ್ತರವೂ ನಲ್) ಎಂದು ಬರೆದರೆ ಒಳಗಿರುವುದೆಲ್ಲವೂ ಸ್ಟ್ರಿಕ್ಟ್ ಆಗಿರಬೇಕೆಂಬ ಇನ್ನೊಂದು ಪರೀಕ್ಷೆ ಎದುರಾಗುತ್ತದೆ. ಅಭ್ಯಾಸಬಲದಿಂದ ಸ್ಟ್ರಿಕ್ಟ್ ಸೇರಿಸಿ ಇನ್‌ಲೈನ್ ಕಳೆದುಕೊಳ್ಳುವುದು ನಾನು ಪದೇ ಪದೇ ಕಂಡ ತಪ್ಪು. ಆಯಿತೋ ಇಲ್ಲವೋ ಎಂಬುದನ್ನು, ಪ್ಲಾನರ್ ಆರಿಸಿದ ದಾರಿ ತೋರಿಸುವ ಎಕ್ಸ್‌ಪ್ಲೇನ್ ಒಂದೇ ನೋಟದಲ್ಲಿ ಹೇಳುತ್ತದೆ: ಫಂಕ್ಷನ್ ಹೆಸರು ಪ್ಲಾನ್‌ನಲ್ಲಿ ಕಂಡರೆ ಬಿಚ್ಚಿಕೊಂಡಿಲ್ಲ.

2019ರಲ್ಲಿ ಬಂದ 12ನೇ ಆವೃತ್ತಿಯಿಂದ ಸಿ ಫಂಕ್ಷನ್‌ಗೂ ಒಂದು ದಾರಿ ತೆರೆಯಿತು. ಸಪೋರ್ಟ್ ಫಂಕ್ಷನ್ ಎಂಬುದನ್ನು ಜೋಡಿಸಿದರೆ ಅದು ‘ನನ್ನ ಬದಲು ಈ ಇಂಡೆಕ್ಸ್ ಷರತ್ತು ಬಳಸಿ’ ಎಂದು ಪ್ಲಾನರ್‌ಗೆ ಹೇಳಬಲ್ಲದು. ನಕ್ಷೆ ಡೇಟಾದ ಎಕ್ಸ್‌ಟೆನ್ಶನ್ ಆದ ಪೋಸ್ಟ್‌ಜಿಐಎಸ್ 3.0 ಇದನ್ನೇ ಬಳಸಿಕೊಂಡಿತು. ಎಕ್ಸ್‌ಟೆನ್ಶನ್ ಬರೆಯುವವರಿಗೆ ಇದು ವರ. ಒಂದೆರಡು ಆಪರೇಟರ್ ಇಟ್ಟುಕೊಂಡವರಿಗೆ ಇಷ್ಟು ಕಷ್ಟ ಬೇಡ.

ಸಮಾನತೆ ನೋಡುವ ಆಪರೇಟರ್ ಆದರೆ ಇನ್ನೂ ಸುಲಭ. ದೊಡ್ಡಕ್ಷರ ಚಿಕ್ಕಕ್ಷರ ಭೇದವಿಲ್ಲದೆ ಹೋಲಿಸಲು === ಕಟ್ಟಿಕೊಂಡಿದ್ದರೆ, ಎರಡೂ ಕಡೆ ಚಿಕ್ಕಕ್ಷರ ಮಾಡುವ ಲೋವರ್ ಹಾಕಿ, ಲೋವರ್ ಮೇಲೆ ಎಕ್ಸ್‌ಪ್ರೆಶನ್ ಇಂಡೆಕ್ಸ್ (ಕಾಲಂ ಬದಲು ಫಂಕ್ಷನ್‌ನ ಉತ್ತರದ ಮೇಲಿನ ಇಂಡೆಕ್ಸ್) ಇಟ್ಟರೆ ಕೆಲಸ ಮುಗಿಯಿತು.

ಹೆಸರು ಹಳೆಯದೇ, ಒಳಗೆ ಹೊಸದು

ಅಪ್ಲಿಕೇಶನ್ ಕೋಡ್ ಮುಟ್ಟಲು ಈಗ ಸಾಧ್ಯವೇ ಇಲ್ಲ ಎಂಬ ಪರಿಸ್ಥಿತಿಗೆ ಇದು. ತೆಗೆದುಹಾಕಿದ @ ಅನ್ನು ನಿಮ್ಮದೇ ಸ್ಕೀಮಾದಲ್ಲಿ ಮತ್ತೆ ಕಟ್ಟಿ, ಅದರ ಹಿಂದೆ <@ ಕರೆಯುವ ಫಂಕ್ಷನ್ ಇಡುವುದು. ಇಲ್ಲಿ ಒಂದು ಆಯ್ಕೆ ಎಲ್ಲವನ್ನೂ ನಿರ್ಧರಿಸುತ್ತದೆ. ಹಿಂದಿನ ಒಳ ಫಂಕ್ಷನ್ನನ್ನು ನೇರವಾಗಿ ಹೆಸರಿಸಿ ಕಟ್ಟಿದರೆ ಇಂಡೆಕ್ಸ್ ಸಿಗುವುದಿಲ್ಲ, ಏಕೆಂದರೆ ಇಂಡೆಕ್ಸ್ ಗುರುತಿಸುವುದು ತನ್ನ ಆಪರೇಟರ್ ಕುಟುಂಬದಲ್ಲಿರುವವರನ್ನು ಮಾತ್ರ. ನಿಮ್ಮ ಹೊಸ @ ಅಲ್ಲಿ ಹೊರಗಿನವನು. ಬದಲಿಗೆ ‘ಮೊದಲ ಮೌಲ್ಯ <@ ಎರಡನೆಯ ಮೌಲ್ಯ’ ಎಂಬ ಎಸ್‌ಕ್ಯೂಎಲ್ ಫಂಕ್ಷನ್ ಬರೆದು ಅದನ್ನು ಹಿಂದಿಟ್ಟರೆ, ಆಪರೇಟರ್ ಮೂಲಕ ಬಂದರೂ ಪ್ಲಾನರ್ ಅದನ್ನು ಬಿಚ್ಚುತ್ತದೆ, <@ ಹೊರಬರುತ್ತದೆ, ಜಿಸ್ಟ್ ಎಂಬ ಬಗೆಯ ಇಂಡೆಕ್ಸ್ ಕೆಲಸಕ್ಕೆ ಬರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ವೇಗದಲ್ಲಿ ಅಜಗಜಾಂತರ.

ಇದನ್ನು ತಾತ್ಕಾಲಿಕವೆಂದೇ ಇಟ್ಟುಕೊಳ್ಳಿ. ಬೇರೆ ಸ್ಕೀಮಾದಲ್ಲಿಡಿ, ತೆಗೆಯುವ ದಿನ ಬರೆದಿಡಿ. ಪೋಸ್ಟ್‌ಫಿಕ್ಸ್‌ಗೂ =>ಗೂ ಈ ಉಪಾಯ ನಡೆಯುವುದಿಲ್ಲ, ವ್ಯಾಕರಣದಲ್ಲೇ ಅವಕ್ಕೆ ಜಾಗವಿಲ್ಲ.

ಸರ್ಚ್ ಪಾತ್ ತೊಂದರೆಗೆ ಮೂರು ಮದ್ದು

ನನ್ನ ಖಾಲಿ ಟೇಬಲ್‌ನ ಕಾಯಿಲೆ ಇದು. ಹೊಸ ಆವೃತ್ತಿ ಬಂದಂತೆಲ್ಲ ಇದು ಹೆಚ್ಚುತ್ತಿದೆ. 2020ರ ಆಗಸ್ಟ್‌ನ ಭದ್ರತಾ ಬಿಡುಗಡೆಗಳು ಲಾಜಿಕಲ್ ರೆಪ್ಲಿಕೇಶನ್‌ನ (ಬದಲಾವಣೆಗಳನ್ನು ಇನ್ನೊಂದು ಸರ್ವರ್‌ಗೆ ಆಗಿಂದಾಗ ಕಳಿಸುವ ವ್ಯವಸ್ಥೆಯ) ಕೆಲಸಗಾರ ಪ್ರೊಸೆಸ್‌ಗಳಿಗೂ ಸುರಕ್ಷಿತ ಸರ್ಚ್ ಪಾತ್ ಹಾಕಿದವು. 2024ರ ಸೆಪ್ಟೆಂಬರ್‌ನಲ್ಲಿ ಬಂದ 17ರಲ್ಲಿ ಅನಲೈಜ್, ವ್ಯಾಕ್ಯೂಮ್, ರೀಇಂಡೆಕ್ಸ್, ಕ್ರಿಯೇಟ್ ಇಂಡೆಕ್ಸ್, ಮೆಟೀರಿಯಲೈಜ್ಡ್ ವ್ಯೂ ರಿಫ್ರೆಶ್ ಎಲ್ಲವೂ ಹಾಗೇ ನಡೆಯುತ್ತವೆ. ಎಕ್ಸ್‌ಪ್ರೆಶನ್ ಇಂಡೆಕ್ಸ್‌ನ ಫಂಕ್ಷನ್ ನಿಮ್ಮ ಸ್ಕೀಮಾದ ಆಪರೇಟರನ್ನು ಬರೀ ಚಿಹ್ನೆಯಿಂದ ಕರೆಯುತ್ತಿದ್ದರೆ, ನಿನ್ನೆಯವರೆಗೆ ಓಡಿದ್ದು ಇವತ್ತು ರೀಇಂಡೆಕ್ಸ್ ಹೊತ್ತಿಗೆ ನಿಲ್ಲುತ್ತದೆ.

ಮೊದಲ ಮದ್ದು ಫಂಕ್ಷನ್‌ಗೆ ಸರ್ಚ್ ಪಾತ್ ಅನ್ನು ಸೆಟ್ ಮಾಡಿಬಿಡುವುದು. ಒಂದೇ ಸಾಲು, ಎಲ್ಲ ಆವೃತ್ತಿಯಲ್ಲೂ ನಡೆಯುತ್ತದೆ, ಪಿಎಲ್‌ಪಿಜಿಎಸ್‌ಕ್ಯೂಎಲ್ ಫಂಕ್ಷನ್‌ಗೆ ಇದೇ ಸರಿ. ಆದರೆ ಆಗಲೇ ಹೇಳಿದಂತೆ ಸೆಟ್ ಸಾಲು ಬಂದರೆ ಇನ್‌ಲೈನ್ ಹೋಯಿತು. ಕ್ವೆರಿಯ ಷರತ್ತಿನಲ್ಲಿ ಲಕ್ಷಾಂತರ ಸಾಲಿಗೆ ಓಡುವ ಪುಟ್ಟ ಎಸ್‌ಕ್ಯೂಎಲ್ ಫಂಕ್ಷನ್‌ಗೆ ಈ ಮದ್ದು ಕಾಯಿಲೆಗಿಂತ ಕೆಟ್ಟದು.

ಎರಡನೆಯದು ಆಪರೇಟರ್ ಎಂಬ ಪದ ಬರೆದು ಆವರಣದಲ್ಲಿ ಸ್ಕೀಮಾ, ಚುಕ್ಕೆ, ಚಿಹ್ನೆ ಕೊಡುವ ಪೂರ್ಣ ಹೆಸರು. ನೋಡಲು ಒರಟು, ಕೆಲಸಕ್ಕೆ ಗಟ್ಟಿ. ಒಂದು ಉರುಳು ಮಾತ್ರ ಇದೆ: ಹೀಗೆ ಬರೆದ ಯಾವುದೇ ಚಿಹ್ನೆಗೂ ‘ಇತರ ಆಪರೇಟರ್‌ಗಳ’ ಆದ್ಯತೆಯೇ ಸಿಗುತ್ತದೆ, ಒಳಗೆ * ಇರಲಿ, = ಇರಲಿ. ನಿಮ್ಮದೇ ಬಗೆಗೆ ಕಟ್ಟಿದ * ಅನ್ನು ಹೀಗೆ ಬದಲಿಸಿದರೆ ಪಕ್ಕದ + ಅದಕ್ಕಿಂತ ಮೊದಲು ಲೆಕ್ಕವಾಗುತ್ತದೆ. ಆವರಣ ಹಾಕದೆ ಬದಲಿಸಬೇಡಿ. <~~ ತರಹದ ಹೊಸ ಚಿಹ್ನೆಗಳಿಗೆ ಈ ತೊಂದರೆ ಇಲ್ಲ, ಅವು ಮೊದಲಿಂದಲೂ ಅದೇ ಸಾಲಿನಲ್ಲಿವೆ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, 14ರಿಂದ ಬಂದದ್ದು. ಫಂಕ್ಷನ್‌ನ ಒಡಲನ್ನು ಉದ್ಧರಣ ಚಿಹ್ನೆಗಳೊಳಗೆ ಪಠ್ಯವಾಗಿ ಕೊಡುವ ಬದಲು ರಿಟರ್ನ್ ಅಥವಾ ಬಿಗಿನ್ ಅಟಾಮಿಕ್ ಬಳಸಿ ನೇರವಾಗಿ ಬರೆಯುವುದು. ಆಗ ಪೋಸ್ಟ್‌ಗ್ರೆಸ್ ಅದನ್ನು ಕಟ್ಟುವಾಗಲೇ ಓದಿ, ಯಾವ ಆಪರೇಟರ್ ಎಂದು ಆಗಲೇ ನಿಶ್ಚಯಿಸಿಬಿಡುತ್ತದೆ. ಓಡುವಾಗಿನ ಸರ್ಚ್ ಪಾತ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್‌ಲೈನ್ ಉಳಿಯುತ್ತದೆ. ಮೇಲಾಗಿ ಫಂಕ್ಷನ್ ಆ ಆಪರೇಟರನ್ನು ನೆಚ್ಚಿಕೊಂಡಿದೆ ಎಂಬುದು ಕ್ಯಾಟಲಾಗ್‌ನಲ್ಲಿ ದಾಖಲಾಗುತ್ತದೆ. ಯಾರಾದರೂ ಆಪರೇಟರ್ ತೆಗೆಯಲು ಹೋದರೆ ತಡೆಯುತ್ತದೆ. ಎಸ್‌ಕ್ಯೂಎಲ್ ಭಾಷೆಯ ಫಂಕ್ಷನ್‌ಗೆ ಮಾತ್ರ ಇದು ಸಿಗುತ್ತದೆ. ನಾನು ಈಗ ಹೊಸದಾಗಿ ಬರೆಯುವ ಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನೆಲ್ಲ ಹೀಗೇ ಬರೆಯುತ್ತೇನೆ.

ಒಳಗಿನದೇ ಸಿಕ್ಕರೆ

ಹಳೆಯ ಆವೃತ್ತಿಯಲ್ಲಿ ಇಲ್ಲವೆಂದು ಕಟ್ಟಿಕೊಂಡದ್ದು ಈಗ ಒಳಗೇ ಇರಬಹುದು, ಹುಡುಕಿ. ಜೇಸನ್‌ಬಿಗೆ ||, -, #- 9.5ರಲ್ಲಿ ಬಂದವು, ಕೀಗಳ ಅರೇ ಕೊಟ್ಟು ಒಟ್ಟಿಗೆ ತೆಗೆಯುವುದು 10ರಲ್ಲಿ ಬಂತು. ಅಕ್ಷರಭೇದವಿಲ್ಲದ ಹೋಲಿಕೆಗೆ 12ರಿಂದ ನಾನ್‌ಡಿಟರ್ಮಿನಿಸ್ಟಿಕ್ ಕೊಲೇಶನ್ (ಬೇರೆ ಬೈಟ್‌ಗಳ ಪಠ್ಯವನ್ನೂ ಸಮವೆನ್ನಬಲ್ಲ ಹೋಲಿಕೆ ನಿಯಮ) ಇದೆ. ಅದರ ಮೇಲೆ ಲೈಕ್ ನಡೆಯುತ್ತಿರಲಿಲ್ಲ, 18ರಲ್ಲಿ ಆ ಕೊರತೆಯೂ ನೀಗಿತು. ಒಳಗಿನದಕ್ಕೆ ಹೋಗುವ ಮುಂಚೆ ನಲ್, ಖಾಲಿ ಅರೇ, ಒಳಪದರ ಈ ಮೂರರಲ್ಲಿ ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನಿಜವಾದ ಡೇಟಾ ಮೇಲೆ ಪಕ್ಕಪಕ್ಕ ಓಡಿಸಿ ನೋಡಿ. ವ್ಯತ್ಯಾಸ ಇರುವುದು ಈ ಮೂಲೆಗಳಲ್ಲೇ.

ಬೇರೆ ಡೇಟಾಬೇಸ್‌ನವರಿಗೆ ಎರಡು ಮಾತು. ಆರಕಲ್‌ನಲ್ಲೂ ಕ್ರಿಯೇಟ್ ಆಪರೇಟರ್ ಇದೆ. ಅಪ್‌ಗ್ರೇಡ್ ಆದಮೇಲೆ ಇನ್‌ವ್ಯಾಲಿಡ್ ಆದ ವಸ್ತುಗಳನ್ನು ಮತ್ತೆ ಕಂಪೈಲ್ ಮಾಡುವ ಸ್ಕ್ರಿಪ್ಟ್ ಜೊತೆಗೇ ಬರುತ್ತದೆ, ಅದನ್ನು ಓಡಿಸಿ ಆಮೇಲೆ ಪತ್ತೆಗೆ ಇಳಿಯಿರಿ. ಮೈಎಸ್‌ಕ್ಯೂಎಲ್‌ನಲ್ಲಿ ಸ್ವಂತ ಆಪರೇಟರ್ ಕಟ್ಟಲಾಗದು. ಆದರೂ &&, ||, ! ಚಿಹ್ನೆಗಳನ್ನು ತಾರ್ಕಿಕ ಅರ್ಥದಲ್ಲಿ ಬಳಸುವುದನ್ನು 8.0.17ರಿಂದ ಬೇಡವೆನ್ನುತ್ತಿದ್ದಾರೆ, ಆ್ಯಂಡ್, ಆರ್, ನಾಟ್ ಬರೆದುಕೊಂಡರೆ ಮುಂದೆ ಚಿಂತೆಯಿಲ್ಲ.

ಯಾವ ದಾರಿಯಲ್ಲಿ ಅಪ್‌ಗ್ರೇಡ್?

ಒಂದೇ ಆಪರೇಟರ್ ಒಂದು ದಾರಿಯಲ್ಲಿ ಪಾರಾಗಿ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಡಂಪ್ ಮಾಡಿ ತುಂಬಿಸಿದರೆ ಪ್ರತಿ ಸಾಲಿಗೂ ಚೆಕ್ ಓಡುತ್ತದೆ, ಪ್ರತಿ ಇಂಡೆಕ್ಸ್ ಹೊಸದಾಗಿ ಕಟ್ಟಿಕೊಳ್ಳುತ್ತದೆ; ತಪ್ಪಿದ್ದರೆ ಅಲ್ಲೇ ಬಯಲಾಗುತ್ತದೆ. ಪಿಜಿ_ಅಪ್‌ಗ್ರೇಡ್ ಡೇಟಾ ಫೈಲ್‌ಗಳನ್ನು ಹಾಗೇ ಎತ್ತಿಕೊಳ್ಳುತ್ತದೆ, ಚೆಕ್ ಓಡುವುದೇ ಇಲ್ಲ. ನನ್ನ ಟೇಬಲ್ ಆ ದಾರಿಯಲ್ಲಿ ತುಂಬಿಕೊಂಡೇ ಬರುತ್ತಿತ್ತು, ತೊಂದರೆ ಮುಂದಿನ ಡಂಪ್‌ನವರೆಗೆ ಅಡಗಿರುತ್ತಿತ್ತು. ಬ್ಯಾಕಪ್‌ನಿಂದ ವಾಪಸ್ ತರಬೇಕಾದ ದಿನ ಅದು ಎದುರಾಗಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ಹಾಗಾಗಿ ಪಿಜಿ_ಅಪ್‌ಗ್ರೇಡ್ ಬಳಸುವವರು ಕೂಡ ಒಮ್ಮೆ ಪೂರ್ತಿ ಡಂಪ್ ಮಾಡಿ ತುಂಬಿಸಿ ನೋಡಲೇಬೇಕು.

ಪಿಜಿ_ಅಪ್‌ಗ್ರೇಡ್‌ನ ಚೆಕ್ ಆಯ್ಕೆ ಡೇಟಾ ಮುಟ್ಟದೆ ತಪಾಸಣೆ ಮಾಡುತ್ತದೆ. ಪೋಸ್ಟ್‌ಫಿಕ್ಸ್ ಆಪರೇಟರ್‌ಗಳು, ಬಗೆ ಬದಲಾದ ಅರೇ ಫಂಕ್ಷನ್ ನೆಚ್ಚಿದವು, ಸಿಗದ ಲೈಬ್ರರಿಗಳು, ಇವನ್ನೆಲ್ಲ ಪಟ್ಟಿ ಮಾಡಿ ಫೈಲ್‌ಗೆ ಬರೆದುಕೊಡುತ್ತದೆ. ಅದಕ್ಕೆ ಕಾಣದಿರುವುದು ಪಿಎಲ್‌ಪಿಜಿಎಸ್‌ಕ್ಯೂಎಲ್ ಫಂಕ್ಷನ್‌ಗಳ ಒಡಲು. ಅವು ಬರೀ ಪಠ್ಯ, ಓಡುವವರೆಗೂ ತಪ್ಪು ಗೊತ್ತಾಗದು. ಅಲ್ಲಿಗೆ ಪಿಎಲ್‌ಪಿಜಿಎಸ್‌ಕ್ಯೂಎಲ್_ಚೆಕ್ ಎಂಬ ಎಕ್ಸ್‌ಟೆನ್ಶನ್ ನೆರವಾಗುತ್ತದೆ.

ಲಾಜಿಕಲ್ ರೆಪ್ಲಿಕೇಶನ್ 10ರಿಂದ ಇದೆ. ಟೇಬಲ್, ಆಪರೇಟರ್ ಯಾವುದರ ರಚನೆಯನ್ನೂ ಅದು ಒಯ್ಯುವುದಿಲ್ಲ, ನೀವೇ ಮೊದಲ ದಿನ ಹೊಸ ಕಡೆ ಕಟ್ಟಬೇಕು. ಕೆಲಸ ಹೆಚ್ಚೆನಿಸಬಹುದು. ಆದರೆ ಹಳೆಯದು ನಡೆಯುತ್ತಿರುವಾಗಲೇ ಹೊಸದರ ಮೇಲೆ ವಾರಗಟ್ಟಲೆ ನಿಜವಾದ ಕ್ವೆರಿಗಳನ್ನು ಓಡಿಸಿ ಉತ್ತರ ಹೋಲಿಸಬಹುದು. ಸದ್ದಿಲ್ಲದ ಮುರಿತಗಳ ಭಯವಿದ್ದರೆ ನಾನು ಆರಿಸುವುದು ಇದನ್ನೇ.

ಎಕ್ಸ್‌ಟೆನ್ಶನ್ ಮಾಡಿಬಿಡಲೇ?

ಒಂದೇ ಆಪರೇಟರ್ ಹತ್ತು ಡೇಟಾಬೇಸ್‌ಗಳಲ್ಲಿದ್ದರೆ, ಆಪರೇಟರ್ ಕ್ಲಾಸ್ ಕೂಡ ಜೊತೆಗಿದ್ದರೆ, ಮಾಡಿ. ಡಂಪ್‌ನಲ್ಲಿ ಎಕ್ಸ್‌ಟೆನ್ಶನ್ ಕಟ್ಟುವ ಒಂದು ಸಾಲು ಮಾತ್ರ ಬರುತ್ತದೆ, ಒಳಗಿನ ರಚನೆಯನ್ನು ಹೊಸ ಸರ್ವರ್‌ನಲ್ಲಿರುವ ಸ್ಕ್ರಿಪ್ಟ್‌ನಿಂದ ತೆಗೆದುಕೊಳ್ಳುತ್ತದೆ. ಆ ಸ್ಕ್ರಿಪ್ಟ್‌ನಲ್ಲಿ ಹೊಸ ರೂಪ ಇಟ್ಟರಾಯಿತು. ಪಿಜಿ_ಅಪ್‌ಗ್ರೇಡ್ ಹಾಗಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಅದು ಎಕ್ಸ್‌ಟೆನ್ಶನ್‌ನ ಒಳಗಿರುವುದನ್ನೆಲ್ಲ ಹಳೆಯ ಆವೃತ್ತಿಯಲ್ಲಿದ್ದಂತೆಯೇ ಒಂದೊಂದಾಗಿ ಕಟ್ಟುತ್ತದೆ. ಒಳಗೊಂದು ಪೋಸ್ಟ್‌ಫಿಕ್ಸ್ ಇದ್ದರೆ ಅಲ್ಲೇ ನಿಲ್ಲುತ್ತದೆ. ಹಳೆಯ ಸರ್ವರ್‌ನಲ್ಲೇ ಆಲ್ಟರ್ ಎಕ್ಸ್‌ಟೆನ್ಶನ್ ಅಪ್‌ಡೇಟ್ ಮಾಡಿ, ಎರಡೂ ಕಡೆ ನಡೆಯುವ ರೂಪಕ್ಕೆ ತಂದು, ಆಮೇಲೆ ಹೊರಡಬೇಕು.

ಮುಂದೂಡುವುದಾದರೆ

ಒಂದು ಮುಖ್ಯ ಆವೃತ್ತಿಗೆ 5 ವರ್ಷ ತಿದ್ದುಪಡಿಗಳು ಸಿಗುತ್ತವೆ. ಪೋಸ್ಟ್‌ಫಿಕ್ಸ್ ಇದ್ದ ಕೊನೆಯ ಆವೃತ್ತಿಯಾದ 13ರ ಅವಧಿ 2025ರ ನವೆಂಬರ್‌ಗೆ ಮುಗಿಯಿತು. ಒಂದು ಚಿಹ್ನೆಗಾಗಿ ಭದ್ರತಾ ತಿದ್ದುಪಡಿ ಬರದ ಸರ್ವರ್‌ನಲ್ಲಿ ಉಳಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಮುಂದೂಡುವುದು ಅನಿವಾರ್ಯವಾದರೆ ಆ ಸಮಯವನ್ನು ಹಳೆಯ ಸರ್ವರ್ ಮೇಲೆಯೇ ಬಳಸಿ. ಫಂಕ್ಷನ್ ಹಳೆಯದರಲ್ಲೂ ನಡೆಯುತ್ತದೆ, ಹೊಸದರಲ್ಲೂ ನಡೆಯುತ್ತದೆ. ಆದ್ದರಿಂದ ಕ್ವೆರಿಗಳನ್ನು ಒಂದೊಂದಾಗಿ, ಹಗಲು ಹೊತ್ತಿನಲ್ಲಿ, ಯಾವ ಗಡಿಬಿಡಿಯೂ ಇಲ್ಲದೆ ಬದಲಿಸಬಹುದು. ಪಿಜಿ_ಆಪರೇಟರ್ ಕ್ಯಾಟಲಾಗ್‌ನಲ್ಲಿ 16384 ಅಥವಾ ಅದಕ್ಕಿಂತ ಮೇಲಿನ ಗುರುತುಸಂಖ್ಯೆಯವೆಲ್ಲ ಹೊರಗಿನಿಂದ ಬಂದವು. ಅವುಗಳಲ್ಲಿ ಎಕ್ಸ್‌ಟೆನ್ಶನ್‌ಗೆ ಸೇರಿದವನ್ನು ಕಳೆದರೆ ಉಳಿದದ್ದು ನಿಮ್ಮವು. ಒಂದೊಂದನ್ನೂ ಟ್ರಾನ್ಸಾಕ್ಷನ್ ಒಳಗೆ, ಕ್ಯಾಸ್ಕೇಡ್ (ನೆಚ್ಚಿಕೊಂಡವನ್ನೂ ಸೇರಿಸಿ ತೆಗೆ ಎಂಬ ಸೂಚನೆ) ಹಾಕದೆ ಡ್ರಾಪ್ ಮಾಡಲು ಹೋಗಿ. ಅದನ್ನು ನೆಚ್ಚಿಕೊಂಡ ವ್ಯೂ, ಇಂಡೆಕ್ಸ್, ಕನ್‌ಸ್ಟ್ರೇಂಟ್ ಯಾವುವೆಂದು ಎರರ್ ಸಂದೇಶವೇ ಪಟ್ಟಿ ಕೊಡುತ್ತದೆ. ರೋಲ್‌ಬ್ಯಾಕ್ ಮಾಡಿ, ಪಟ್ಟಿ ಹಿಡಿದು ಕೆಲಸ ಶುರುಮಾಡಿ. ಫಂಕ್ಷನ್‌ಗಳ ಪಠ್ಯದಲ್ಲಿ, ಅಪ್ಲಿಕೇಶನ್ ಕೋಡ್‌ನಲ್ಲಿ ಆ ಚಿಹ್ನೆಯನ್ನು ಬೇರೆಯಾಗಿ ಹುಡುಕಬೇಕು. ಒಂದು ದಿನ ಆ ಡ್ರಾಪ್ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಆಗ ರೋಲ್‌ಬ್ಯಾಕ್ ಬದಲು ಕಮಿಟ್ ಕೊಟ್ಟು, ಒಂದೆರಡು ವಾರ ಹಳೆಯ ಸರ್ವರ್‌ನಲ್ಲೇ ನಡೆಸಿ ಲಾಗ್ ನೋಡುತ್ತಿರಿ. ಆಮೇಲೆ ಪಿಜಿ_ಅಪ್‌ಗ್ರೇಡ್‌ನ ಚೆಕ್ ಓಡಿಸಿ.